ಉಳಿದ ಹುಡುಗೂರು ಏನ್ ಮಾಡಿದ್ರು?

ನಮ್ಮ ಸಾಲಿಯ ಪೇಟಿ ಸಿಕ್ಕಿದ್ದು ಬಿಸಿಯೂಟದ ಅಕ್ಕಿ ಚೀಲಗಳ ಹಿಂದೆ. ಇಲಿ ಹೊಕ್ಕಿದೆ ಎಂದು ಅಡುಗೆಯವರು ಗದ್ದಲ ಎಬ್ಬಿಸಿದ್ದಕ್ಕೆ ಚೀಲಗಳನ್ನೆಲ್ಲ ಸರಿಸಿ ನೋಡಿದೆವು. ಇಲಿ ಸಿಗಲಿಲ್ಲ, ಅದು ಸಂಸಾರ ಹೂಡಿದ್ದ ಜಾಗ ಸಿಕ್ಕಿತು. ಧೂಳು ಹಿಡಿದ ಹಾರ್ಮೋನಿಯಂ, ಅದರ ತಿದಿಯೊಳಗೆ ಚೂರುಚೂರಾದ ಹಳೆಯ ಪರೀಕ್ಷೆ ಪೇಪರು, ಭತ್ತದ ಹೊಟ್ಟು. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಭಜನೆಗೂ ಅದೇ, ದೊಡ್ಡಾಟಕ್ಕೂ ಅದೇ.

ನಾನು ಗದಗ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 6ರಿಂದ 8ನೇ ಇಯತ್ತೆಗೆ ಗಣಿತ ಕಲಿಸುವವಳು. ಸಂಗೀತ ಕಲಿತವಳಲ್ಲ. ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ವೇಳಾಪಟ್ಟಿಯಲ್ಲಿ ವಾರಕ್ಕೆರಡು ಸಲ ‘ಕಲಾ ಶಿಕ್ಷಣ’ ಎಂಬ ಪೀರಿಯಡ್ ಇತ್ತು. ಅದನ್ನು ಕದಿಯುವವರಲ್ಲಿ ನಾನೇ ಮೊದಲಿಗಳು. ಭಿನ್ನರಾಶಿ ಮುಗಿದಿಲ್ಲ, ಪರೀಕ್ಷೆ ಹತ್ತಿರ ಬಂತು, ಕೊಡಿ ಸರ್ ಆ ಪೀರಿಯಡ್. ಹೆಡ್‌ಮಾಸ್ತರು ಬೇಡ ಎಂದದ್ದೇ ಇಲ್ಲ. ಬೇರೆ ಏನು ಮಾಡಿಯಾರು? ಕಲಿಸಲು ಯಾರೂ ಇರಲಿಲ್ಲ. ಚಿತ್ರಕಲೆಯ ಪಾಡೂ ಇಷ್ಟೇ. ಧಾರವಾಡದಲ್ಲಿ ಹಾಲಭಾವಿಯವರ ಚಿತ್ರಶಾಲೆ, ಗದುಗಿನಲ್ಲಿ ಅಕ್ಕಿಯವರ ವಿಜಯ ಕಲಾಮಂದಿರ ಎಂದು ಹೆಮ್ಮೆ ಪಡುವ ಊರುಗಳಿಗೆ ಒಂದು ಗಂಟೆಯ ದಾರಿಯಲ್ಲಿದ್ದೂ ನಮ್ಮ ಮಕ್ಕಳ ಚಿತ್ರವೆಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು.

ಆ ಪೇಟಿಯನ್ನೂ ಮತ್ತೆ ಚೀಲದ ಹಿಂದೆ ತಳ್ಳಿಬಿಡುತ್ತಿದ್ದೆವೇನೋ. ಪಕ್ಕದ ಓಣಿಯ ಅಜ್ಜಾರೊಬ್ಬರು ಬಿಡಲಿಲ್ಲ. ಅವರು ಹಿಂದೆ ಹೊಲಿಗೆ ಮಾಡಿಕೊಂಡಿದ್ದವರು, ಈಗ ಕಣ್ಣು ಮಂಜು. ಚಿಕ್ಕವರಿದ್ದಾಗ ನಾಲ್ಕು ವರ್ಷ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಉಂಡು, ಅಲ್ಲೇ ಮಲಗಿ, ಪೇಟಿ ಕಲಿತವರು. ಪಂಚಾಕ್ಷರ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಊರೂರು ತಿರುಗಿ ಸಾಕಿದ ಆಶ್ರಮ. ಕಣ್ಣಿಲ್ಲದವರಿಗೆ, ಗತಿಯಿಲ್ಲದವರಿಗೆ ಅನ್ನದ ಜೊತೆ ಸ್ವರ ಹಾಕಿದ ಜಾಗ. ಅಜ್ಜಾರಿಗೆ ಆಗ ಕಣ್ಣಿದ್ದವು, ಗತಿ ಇರಲಿಲ್ಲ.

ಸಾಲಿಯ ಗೋಡೆಗೆ ಹೊಂದಿಕೊಂಡೇ ಅವರ ಕಟ್ಟೆ. ದಿನಾ ನಮ್ಮ ಪ್ರಾರ್ಥನೆ ಕೇಳಿಸುತ್ತದೆ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಎಂದು 2022ರಲ್ಲಿ ಸರ್ಕಾರದ ಆದೇಶವಾಯಿತಲ್ಲ, ಅದರಂತೆ ನಾವೂ ಪೆನ್‌ಡ್ರೈವ್ ಹಾಕಿ ಸ್ಪೀಕರ್ ಹಚ್ಚುತ್ತೇವೆ. ಮಕ್ಕಳು ಅದರ ಜೊತೆ ಹಾಡುತ್ತಾರೆ. ಹಾಗಂತ ನಾನು ತಿಳಿದುಕೊಂಡಿದ್ದೆ. ಪೇಟಿ ಸಿಕ್ಕ ಸುದ್ದಿ ಕೇಳಿ ಬಂದ ಅಜ್ಜಾರು ಕೂರುವುದಕ್ಕೂ ಮೊದಲು ಅಂದರು:

“ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಮುಂಜಾನೆ ನಿಮ್ಮ ಹುಡುಗೂರು ಹಾಡಾಕತ್ತಿಲ್ರಿ, ಒದರಾಕತ್ತಾವ.”

ನನಗೆ ಸಿಟ್ಟು ಬಂತು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಸ್ಪೀಕರ್ ಬಂದ್ ಮಾಡಿಸಿ ಕೇಳಿದೆ. ಹತ್ತು ಕಡೆ ಹತ್ತು ಎತ್ತರ. ಸಣ್ಣ ಹುಡುಗಿಯರು ಮೇಲೆ, ದನಿ ಒಡೆಯುತ್ತಿದ್ದ 8ನೇ ಇಯತ್ತೆಯ ಹುಡುಗರು ಎಲ್ಲೋ ಕೆಳಗೆ, ನಡುವಿನವರು ಬರೀ ತುಟಿ ಆಡಿಸುತ್ತಿದ್ದರು. ಇಷ್ಟು ವರ್ಷ ಆ ಡಬ್ಬಿ ಎಲ್ಲವನ್ನೂ ಮುಚ್ಚಿತ್ತು.

ಪೇಟಿ ರಿಪೇರಿ ಮಾಡಿಸೋಣ ಎಂದು ಹೊರಟಾಗ ಗೊತ್ತಾಯಿತು, ಅದು ಸಾಲಿಯಲ್ಲಿ ಇದ್ದೂ ಇಲ್ಲ. ದಾಸ್ತಾನು ಪುಸ್ತಕದಲ್ಲಿ ‘ಹಾರ್ಮೋನಿಯಂ 1’ ಎಂದು ಬರೆದು ಷರಾ ಕಾಲಮ್ಮಿನಲ್ಲಿ ಯಾರೋ ‘ನಿರುಪಯುಕ್ತ’ ಎಂದು ಸಹಿ ಹಾಕಿದ್ದರು. ನಿರುಪಯುಕ್ತ ವಸ್ತುವಿಗೆ ಶಾಲಾ ಅನುದಾನದ ರೊಕ್ಕ ಖರ್ಚು ಹಾಕಿದರೆ ಲೆಕ್ಕ ತಪಾಸಣೆಯವರು ಕೇಳುತ್ತಾರೆ. ಉಪಯುಕ್ತ ಎಂದು ತಿದ್ದೋಣವೆಂದರೆ ಮೊದಲು ರಿಪೇರಿ ಆಗಬೇಕು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು “ಎಸ್‌ಡಿಎಂಸಿ ಮೀಟಿಂಗ್‌ನ್ಯಾಗ ಠರಾವು ಮಾಡಿಸೂಣ್ರಿ” ಎಂದರು.

ಎಸ್‌ಡಿಎಂಸಿ ಎಂದರೆ ಪಾಲಕರೂ ಇರುವ ಶಾಲಾ ಸಮಿತಿ. ಆ ಮೀಟಿಂಗಿನಲ್ಲಿ ಚಹಾ ಬರುವ ಮೊದಲೇ ಪ್ರಶ್ನೆ ಬಂತು. ಕೇಳಿದ್ದು ಒಬ್ಬ ಪಾಲಕ, ಟ್ರ್ಯಾಕ್ಟರ್ ಹೊಡೆಯುವವರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದರು: “ಅಲ್ರಿ ಅಕ್ಕಾರ, ನಮ್ಮ ಹುಡುಗ ಏನ್ ಭೀಮಸೇನ ಜೋಶಿ ಆಗ್ತಾನೇನ್ರಿ?”

ನಮ್ಮ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು. ಭೀಮಸೇನರು ಹುಟ್ಟಿದ್ದು 1922ರಲ್ಲಿ, ಇಲ್ಲೇ ರೋಣದಲ್ಲಿ. ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ ಹುಡುಗ ಅದು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು. ಮನಸೂರಿನ ಮಲ್ಲಿಕಾರ್ಜುನರು, ಯಲಿವಾಳದ ಬಸವರಾಜ ರಾಜಗುರುಗಳು. ಐವತ್ತು ಅರವತ್ತು ಮೈಲಿಯೊಳಗೆ ಇಷ್ಟು ಜನ ಹುಟ್ಟಿಬಿಟ್ಟಿದ್ದರಿಂದ ಸಂಗೀತ ಎಂದರೆ ನಮಗೆ ಮನೆ ಬಿಟ್ಟು ಓಡಿದವರ ಕಥೆ. ಓಡದೆ ಮನೆಯಲ್ಲೇ ಉಳಿದ ಹುಡುಗನಿಗೂ ಅದರಲ್ಲಿ ಪಾಲು ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಅವತ್ತು ನನಗೂ ಹೊಳೆದಿರಲಿಲ್ಲ. ನಾನು ಕೊಟ್ಟ ಉತ್ತರ ಮಾಸ್ತರಿಕೆಯದು: “ತಾಳ ಕಲಿತರ ಗಣಿತ ಚಲೋ ಬರತೈತ್ರಿ.” ಗಣಿತ ಎಂದ ಕೂಡಲೇ ಎಲ್ಲರೂ ತಲೆ ಹಾಕಿದರು. ಠರಾವು ಪಾಸಾಯಿತು. ಅನುದಾನ ಮುಟ್ಟುವುದು ಬೇಡ, ವರ್ಗಣಿ ಎತ್ತೋಣ ಎಂದಾಯಿತು. ಟ್ರ್ಯಾಕ್ಟರಿನವರೇ ಮೊದಲು ಐದುನೂರು ಕೊಟ್ಟರು.

ಪೇಟಿಯನ್ನು ಹಳೆಯ ಚಾದರಿನಲ್ಲಿ ಕಟ್ಟಿಕೊಂಡು, ಒಂದು ರವಿವಾರ ನಾನೂ ಅಜ್ಜಾರೂ ಗದುಗಿನಿಂದ ಹುಬ್ಬಳ್ಳಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ದುರ್ಗದಬೈಲಿನ ಹಿಂದಿನ ಒಂದು ಸಂದಿಯಲ್ಲಿ ವಾದ್ಯ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರು ಪೇಟಿ ಬಿಚ್ಚಿ, ಇಲಿ ಕಡಿದ ತಿದಿ ನೋಡಿ, ನನ್ನ ಮುಖ ನೋಡಿ “ಸರ್ಕಾರಿ ಸಾಲಿದ?” ಎಂದರು. ಹೇಗೆ ಗೊತ್ತಾಯಿತು ಎಂದರೆ, ಒಳಗೆ ಇಲಿ ಕಡಿದು ಉಳಿಸಿದ ಪೇಪರ್ ಚೂರಿನಲ್ಲಿ ‘ಮೌಲ್ಯಮಾಪಕರ ಸಹಿ’ ಎಂದಿತ್ತು.

ನಾನು ಅಲ್ಲಿ ಕೂತು ನೋಡಿದ್ದು ಒಂದು ಒಳ್ಳೆಯ ವಿಜ್ಞಾನ ಪಾಠ. ಹಿತ್ತಾಳೆಯ ಸಣ್ಣ ನಾಲಗೆಯಂಥ ರೀಡುಗಳು, ಒಂದೊಂದು ಸ್ವರಕ್ಕೆ ಒಂದೊಂದು. ಸ್ವರ ಇಳಿದಿದ್ದರೆ ನಾಲಗೆಯ ತುದಿಯನ್ನು ಕೂದಲೆಳೆಯಷ್ಟು ಕೆರೆಯುತ್ತಾರೆ. ತುದಿ ಹಗುರಾಗಿ ಬೇಗ ಬೇಗ ನಡುಗುತ್ತದೆ, ಸ್ವರ ಏರುತ್ತದೆ. ಏರಿದ್ದರೆ ಬುಡದ ಕಡೆ ಕೆರೆಯುತ್ತಾರೆ. ಅಲ್ಲಿ ಬಿಗಿ ಕಡಿಮೆಯಾಗಿ ಸ್ವರ ಇಳಿಯುತ್ತದೆ. ಬೆರಳಿಡುವ ಕರಿ-ಬಿಳಿ ಮನೆಗಳಲ್ಲಿ ಎರಡು ಕೂತೇಬಿಟ್ಟಿದ್ದವು, ಮೇಲಿನ ಸಪ್ತಕದ ಒಂದು ಪಂಚಮ ಸೀಟಿಯಂತೆ ಕೂಗುತ್ತಿತ್ತು. ಶಬ್ದದ ಆವರ್ತನ ಎಂದು ಬೋರ್ಡಿನ ಮೇಲೆ ಅಲೆ ಬರೆದು ಕಲಿಸಿದ್ದೆ, ಕಿವಿಯಿಂದ ಒಮ್ಮೆಯೂ ಕಲಿಸಿರಲಿಲ್ಲ. ಮೂರು ವಾರ ಬಿಟ್ಟು ಬನ್ನಿ ಎಂದರು. ಐದು ವಾರವಾಯಿತು.

ಅಜ್ಜಾರ ಮೊದಲ ಪಾಠಕ್ಕೆ ನಾನು ಒಂದು ಹಾಡು ನಿರೀಕ್ಷಿಸಿದ್ದೆ. ಮುಂದೆ ಆಗಸ್ಟ್ 15 ಇತ್ತು, ಒಂದು ದೇಶಭಕ್ತಿ ಗೀತೆ ಕಲಿಸಿದ್ದರೆ ಎಲ್ಲರಿಗೂ ಖುಷಿ. ಅವರು ಹಾಡಿನ ಸುದ್ದಿಗೇ ಹೋಗಲಿಲ್ಲ. ನಲವತ್ತು ಮಕ್ಕಳನ್ನು ಗೋಣಿತಟ್ಟಿನ ಮೇಲೆ ಕೂರಿಸಿ, ಒಬ್ಬೊಬ್ಬರನ್ನೇ ಪೇಟಿಯ ಹತ್ತಿರ ಕರೆದು “ಆ ಅನ್ನು” ಎಂದರು. ಅವರ ಬೆರಳು ಮೇಲೆ ಕೆಳಗೆ ಹುಡುಕುತ್ತ ಹೋಗಿ ಒಂದು ಕಡೆ ನಿಲ್ಲುತ್ತಿತ್ತು. “ನಿಂದು ಕರಿ ನಾಕು.” “ನಿಂದು ಬಿಳಿ ಐದು, ನೆಪ್ಪ ಇಟ್ಕೋ.” ಎರಡು ಶನಿವಾರ ಇದೇ ಆಯಿತು. ಆಧಾರ್ ನಂಬರಿನಂತೆ ಪ್ರತಿ ಮಗುವಿಗೂ ಒಂದು ಪಟ್ಟಿ, ಅಂದರೆ ಪೇಟಿಯಲ್ಲಿ ತನ್ನ ದನಿಗೆ ಹೊಂದುವ ಮನೆ, ಸಿಕ್ಕಿತು. ಬಿಸಿಯೂಟದ ಸಾಲಿನಲ್ಲಿ ನಿಂತು “ನಂದು ಕರಿ ನಾಕು, ನಿಂದೇನು?” ಎಂದು ಕೇಳಿಕೊಳ್ಳುವುದನ್ನು ನಾನೇ ಕೇಳಿದ್ದೇನೆ.

ನನಗೆ ಆಮೇಲೆ ಹೊಳೆದದ್ದು: ನಲಿ-ಕಲಿಯಲ್ಲಿ ಒಂದರಿಂದ ಮೂರನೇ ಇಯತ್ತೆಯ ತನಕ ಹಾಡಿಲ್ಲದೆ ಪಾಠವೇ ಇಲ್ಲ. ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಶುರು ಮಾಡಿ ಇಡೀ ರಾಜ್ಯಕ್ಕೆ ಹಬ್ಬಿದ ಪದ್ಧತಿ ಅದು. ಕಾಗೆಯ ಹಾಡು, ಮಳೆಯ ಹಾಡು, ಎಣಿಕೆಯ ಹಾಡು. ನಾಲ್ಕನೇ ಇಯತ್ತೆಗೆ ಬಂದ ದಿನ ಎಲ್ಲ ಬಂದ್. ಆರನೆಯದಕ್ಕೆ ನನ್ನ ಕೈಗೆ ಬರುವ ಹೊತ್ತಿಗೆ ಹಾಡುವುದೆಂದರೆ ಮಕ್ಕಳಿಗೆ ನಾಚಿಕೆ.

ಗಣಿತದ ಮಾತು ಹೇಳಿ ಠರಾವು ಪಾಸು ಮಾಡಿಸಿದ್ದೆನಲ್ಲ, ಅದಕ್ಕೊಂದು ಪುರಾವೆಯೂ ಸಿಕ್ಕಿತು. ಅಜ್ಜಾರು ದಾದರಾ, ಕೆಹರವಾ ಎರಡು ತಾಳ ಕಲಿಸಿದರು. ದಾದರಾ ಆರು ಮಾತ್ರೆ: ಧಾ ಧಿ ನಾ, ಧಾ ತೀ ನಾ. ಕೆಹರವಾ ಎಂಟು: ಧಾ ಗೆ ನಾ ತಿ, ನ ಕ ಧಿ ನ. ಒಂದು ದಿನ ನಾನು ಏಳನೇ ಇಯತ್ತೆಯನ್ನು ಎರಡು ಪಾಲು ಮಾಡಿ, ಗೋಡೆ ಕಡೆಯವರಿಗೆ ದಾದರಾ, ಕಿಟಕಿ ಕಡೆಯವರಿಗೆ ಕೆಹರವಾ ಕೊಟ್ಟೆ. ಡೆಸ್ಕಿನ ಮೇಲೆ ಬಡಿಯುವುದು, ಸಮ, ಅಂದರೆ ಸುತ್ತಿನ ಮೊದಲ ಮಾತ್ರೆ, ಬಂದಾಗ ಮಾತ್ರ ಚಪ್ಪಾಳೆ. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬೀಳುತ್ತ ಹೋಗಿ ಒಮ್ಮೆಲೇ ಎರಡೂ ಕಡೆ ಒಟ್ಟಿಗೆ ಬಿತ್ತು. ಮಕ್ಕಳು ಹೋ ಎಂದರು. ಮತ್ತೆ ಎಣಿಸಿದೆವು. ದಾದರಾ ನಾಲ್ಕು ಸುತ್ತು, ಕೆಹರವಾ ಮೂರು ಸುತ್ತು, ಇಪ್ಪತ್ನಾಲ್ಕು ಮಾತ್ರೆ. ಆರು ಮತ್ತು ಎಂಟರ ಲ.ಸಾ.ಅ. ಹದಿಮೂರು ವರ್ಷದ ನೌಕರಿಯಲ್ಲಿ ಲ.ಸಾ.ಅ. ಬಂದಾಗ ಮಕ್ಕಳು ಹೋ ಎಂದದ್ದು ಅದೊಂದೇ ಸಲ.

ಇದನ್ನು ವರದಿ ಮಾಡಿ ಕಳಿಸಿದೆ. ಮೇಲಿನವರಿಗೆ ಬಹಳ ಹಿಡಿಸಿತು. ಸಭೆಯಲ್ಲಿ ‘ನವೀನ ಬೋಧನೆ’ ಎಂದು ಹೊಗಳಿದರು. ನನಗೆ ಒಳಗೊಳಗೇ ಕಸಿವಿಸಿ. ಇದು ಸುಳ್ಳಲ್ಲ, ಆದರೆ ಸಂಗೀತಕ್ಕೆ ಗಣಿತದ ಮನೆಯ ಜೀತ ಹಚ್ಚಿದಂತಾಯಿತು. ಗಣಿತ ಯಾಕೆ ಕಲಿಯಬೇಕು ಎಂದು ಯಾವ ಪಾಲಕರೂ ಕೇಳುವುದಿಲ್ಲ. ಕೇಳಿದರೂ “ಪದ ಹಾಡಾಕ ಅನುಕೂಲ ಆಗತೈತಿ” ಎಂದು ನಾನು ಉತ್ತರ ಕೊಡುತ್ತೇನೆಯೇ?

ಹೊಗಳಿಕೆ ಬಿಸಿ ಇದ್ದಾಗಲೇ ಒಂದು ಅರ್ಜಿ ಹಾಕಿದೆವು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ನೋಡಿ. 6ರಿಂದ 8ನೇ ತರಗತಿಗಳಲ್ಲಿ ಮಕ್ಕಳು 100 ದಾಟಿದ್ದರೆ ಕಲಾ ಶಿಕ್ಷಣಕ್ಕೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ, ಕಾರ್ಯ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದಿದೆ. ನಮ್ಮಲ್ಲಿ ಆಗ 112 ಮಕ್ಕಳು. ಆ ಪುಟದ ಝೆರಾಕ್ಸ್ ಲಗತ್ತಿಸಿ, ಗೆರೆ ಎಳೆದು ಕೊಟ್ಟೆವು. ಎರಡು ತಿಂಗಳ ನಂತರ ಉತ್ತರ ಬಂತು: ‘ಸ್ಥಳೀಯ ಸಂಪನ್ಮೂಲ ವ್ಯಕ್ತಿಗಳ ಸಹಕಾರ ಪಡೆದುಕೊಳ್ಳತಕ್ಕದ್ದು.’ ಅಂದರೆ ನಮ್ಮ ಅಜ್ಜಾರು, ಪುಕ್ಕಟೆ. ಅವರಿಗೆ ಓದಿ ಹೇಳಿದೆ. ಸಂಪನ್ಮೂಲ ವ್ಯಕ್ತಿ ಎಂದರೇನು ಎಂದು ಕೇಳಿದರು. ಏನೆಂದು ಹೇಳಲಿ? “ಬಿಸಿಯೂಟಕ್ಕ ತಾಟು ಹಚ್ಚತಾರಂತರಿ” ಎಂದೆ. ನಕ್ಕರು.

ಆ ವರ್ಷದ ಪ್ರತಿಭಾ ಕಾರಂಜಿ ಬಂತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಏರುವ ಮೆಟ್ಟಿಲು. ಸರ್ಕಾರಿ ಸಾಲಿಯ ಮಕ್ಕಳಿಗೆ ವೇದಿಕೆ ಎಂದರೆ ಅದೊಂದೇ, ಹಾಗಾಗಿ ನಾನು ಅದನ್ನು ಹಳಿಯುವವಳಲ್ಲ. ಜಾನಪದ ಗೀತೆಗೆ ಎಂಟನೇ ಇಯತ್ತೆಯ ಒಬ್ಬ ಹುಡುಗಿಯನ್ನು ತಯಾರು ಮಾಡಿದೆವು. ಅವಳ ಅಜ್ಜಿಯ ಸೋಬಾನ ಪದ, ಅಜ್ಜಾರು ಸರಿಮಾಡಿದ ಪಟ್ಟಿ. ಸ್ಪರ್ಧೆಯ ದಿನ ಅಜ್ಜಾರು ಬರಲಿಲ್ಲ. ಹೆಸರು ರಾಶಿ ನಡೆದಿತ್ತು, ಕಣ ಬಿಟ್ಟು ಬರುವಂತಿರಲಿಲ್ಲ. ಹುಡುಗಿ ಚೆನ್ನಾಗಿಯೇ ಹಾಡಿದಳು, ಎರಡನೇ ಸ್ಥಾನ ಬಂತು. ಮುಂದಿನ ಮೆಟ್ಟಿಲಿಗೆ ಹೋಗುವುದು ಮೊದಲನೆಯವರು. ಸಂಜೆ ಸರ್ಟಿಫಿಕೇಟ್ ಹಿಡಿದುಕೊಂಡು ಕಣಕ್ಕೇ ಹೋಗಿ ಹೇಳಿದೆ. ಅಜ್ಜಾರು ಹೊಟ್ಟು ತೂರುವುದನ್ನು ನಿಲ್ಲಿಸಿ, ಛಲೋ ಆತು ಎಂದು, ಆಮೇಲೆ ಕೇಳಿದರು:

“ಉಳಿದ ಹುಡುಗೂರು ಏನ್ ಮಾಡಿದ್ರು?”

“ಚಪ್ಪಾಳಿ ಹೊಡದ್ರು” ಎಂದೆ.

ಅವರು ಏನೂ ಅನ್ನಲಿಲ್ಲ. ಮರದ ಕೆಳಗಿನ ಬಿಂದಿಗೆ ತೋರಿಸಿ ನೀರು ಕುಡಿಯಲು ಹೇಳಿದರು. ನನಗೆ ಮಾತ್ರ ರಾತ್ರಿ ಬಸ್ಸಿನಲ್ಲಿ ಆ ಪ್ರಶ್ನೆ ಬಿಡಲಿಲ್ಲ. ನಲವತ್ತು ಮಕ್ಕಳಿಗೆ ಪಟ್ಟಿ ಹುಡುಕಿಕೊಟ್ಟು, ಆರು ವಾರ ಒಬ್ಬಳನ್ನು ಹಾಡಿಸಿ, ಮೂವತ್ತೊಂಬತ್ತು ಮಕ್ಕಳಿಗೆ ಚಪ್ಪಾಳೆಯ ಕೆಲಸ ಕೊಟ್ಟಿದ್ದೆ. ಗಣಿತದಲ್ಲಿ ಹೀಗೆ ಮಾಡುತ್ತೇನೆಯೇ? ಜಾಣ ಹುಡುಗಿಗಷ್ಟೇ ಭಾಗಾಕಾರ ಕಲಿಸಿ ಉಳಿದವರಿಗೆ ಕೈ ತಟ್ಟಿ ಎನ್ನುತ್ತೇನೆಯೇ?

ಆ ಮೂವತ್ತೊಂಬತ್ತರಲ್ಲಿ ಟ್ರ್ಯಾಕ್ಟರಿನವರ ಮಗನೂ ಒಬ್ಬ. ದನಿ ಒಡೆಯುತ್ತಿದ್ದ ವಯಸ್ಸು, ಜೊತೆಗೆ ನಿಜಕ್ಕೂ ಬೇಸುರ. ಬಾಯಿ ತೆರೆದರೆ ಉಳಿದವರು ‘ಕೋಣ ಬಂತು’ ಎನ್ನುತ್ತಿದ್ದರು. ಆದರೂ ಒಂದು ಶನಿವಾರ ತಪ್ಪಿಸಿದವನಲ್ಲ, ಪೇಟಿ ಹೊತ್ತು ತರುವವನೂ ಅವನೇ. ಯಾವ ಖಾಸಗಿ ಕ್ಲಾಸಿಗೆ ಹೋದರೂ ತಿಂಗಳೊಳಗೆ ‘ಇವನಿಗೆ ಬರೂದಿಲ್ಲ’ ಎಂದು ಕಳಿಸಿಬಿಡುತ್ತಿದ್ದರು. ದೊಡ್ಡ ಗುರುಗಳ ಮನೆಯ ಬಾಗಿಲಂತೂ ಅವನಿಗಲ್ಲ. ಬೇಸುರ ಹುಡುಗನನ್ನು ಹೊರಗೆ ಹಾಕಲು ಬರದ ಜಾಗ ಊರಿನಲ್ಲಿ ಒಂದೇ, ಅದು ಸರ್ಕಾರಿ ಸಾಲಿ. ನಮ್ಮ ಬಾಗಿಲಲ್ಲಿ ಪರೀಕ್ಷೆ ಇಲ್ಲ. ಟ್ರ್ಯಾಕ್ಟರಿನವರ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಇದು. ನಿಮ್ಮ ಮಗ ಭೀಮಸೇನ ಜೋಶಿ ಆಗುವುದಿಲ್ಲ, ಅದಕ್ಕೇ ಅವನಿಗೆ ಇಲ್ಲಿ ಕಲಿಸಬೇಕು. ಭೀಮಸೇನ ಜೋಶಿ ಆಗುವವನು ಹೇಗಿದ್ದರೂ ಓಡಿಹೋಗಿ ಕಲಿಯುತ್ತಾನೆ.

ಅಜ್ಜಾರು ಅವನನ್ನು ಸರಿಮಾಡಲು ಹೋಗಲಿಲ್ಲ. ಕೆಳಗಿನ ‘ಸಾ’ ಒಂದನ್ನೇ ಹಿಡಿಸಿದರು, ಖರ್ಜ. ತಂಬೂರಿ ಇಲ್ಲದ ಸಾಲಿಗೆ ಇವನೇ ತಂಬೂರಿ. ಅದೂ ಸುಲಭಕ್ಕೆ ಬರಲಿಲ್ಲ. ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ, ಅವನ ದನಿ ಒಂದು ಕಡೆ ನಿಂತಿತು. ನಿಂತ ದಿನ ಉಳಿದವರು ಅವನ ಮೇಲೆ ತಮ್ಮ ‘ಸಾ’ ಇಟ್ಟುಕೊಳ್ಳಲು ಕಲಿತರು. ಈಗಲೂ ಅವನಿಗೆ ಒಂದು ಸಾಲು ಪದ ಹಾಡಲು ಬರುವುದಿಲ್ಲ. ಆದರೆ ಪ್ರಾರ್ಥನೆಗೆ ಸ್ಪೀಕರ್ ಬೇಕಾಗಲಿಲ್ಲ. ಇವನು ಖರ್ಜ ಹಿಡಿದು ನಿಲ್ಲುತ್ತಿದ್ದ, ನೂರು ಮಕ್ಕಳು ಅಲ್ಲಿಂದ ಶುರು ಮಾಡುತ್ತಿದ್ದರು. ಗೋಡೆಯ ಆಚೆಯಿಂದ ದೂರು ಬರುವುದೂ ನಿಂತಿತು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾರ್ಚಿನಲ್ಲಿ ಮೌಲ್ಯಾಂಕನ ಹತ್ತಿರ ಬಂದಾಗ ಮೂರು ಶನಿವಾರದ ಪೀರಿಯಡ್ ನಾನೇ ವಾಪಸ್ ತೆಗೆದುಕೊಂಡೆ. ಈ ವರ್ಷ ಖರ್ಜದ ಹುಡುಗ ಎಂಟನೇ ಇಯತ್ತೆ ಮುಗಿಸಿ ಪಕ್ಕದೂರ ಹೈಸ್ಕೂಲಿಗೆ ಹೋದ. ಹಾಗೆಯೇ ಹದಿನೈದು ಮಕ್ಕಳು ಮುಖ್ಯ ರಸ್ತೆಯ ಖಾಸಗಿ ಶಾಲೆಗೆ ಹೋದರು. ಅದರ ಬೋರ್ಡಿನ ಮೇಲೆ ಸ್ಮಾರ್ಟ್ ಕ್ಲಾಸ್, ಕರಾಟೆ ಜೊತೆಗೆ ‘ಕೀಬೋರ್ಡ್ ಕ್ಲಾಸ್’ ಎಂದೂ ಬರೆದಿದೆ. ರೊಕ್ಕ ಕೊಡುವ ಪಾಲಕರಿಗೆ ಸಂಗೀತ ಬೇಕು ಎಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಜೂನ್ ಮೊದಲ ವಾರ ಹಾಜರಿ ಪುಸ್ತಕ ಕೂಡಿಸಿ ನೋಡಿದರೆ 6ರಿಂದ 8ನೇ ಇಯತ್ತೆಗೆ 97. ಹೋದ ವರ್ಷದ ಅರ್ಜಿಯನ್ನೇ ಮತ್ತೆ ಹಾಕುವಂತಿರಲಿಲ್ಲ. ಕಾಯ್ದೆ ಕೇಳುವುದು ನೂರು ದಾಟಿದ ಲೆಕ್ಕ. ದಾಖಲಾತಿ ಆಂದೋಲನಕ್ಕೆ ಪ್ರತಿ ವರ್ಷ ಬ್ಯಾನರ್ ಹಿಡಿದು ಘೋಷಣೆ ಕೂಗುತ್ತ ಹೋಗುತ್ತೇವೆ. ಈ ಸಲ ಅಜ್ಜಾರು ಭಜನೆಯವರಂತೆ ಪೇಟಿಯನ್ನು ಕೊರಳಿಗೆ ಹಾಕಿಕೊಂಡು ಮುಂದೆ ನಡೆದರು, ಹಿಂದೆ ಮಕ್ಕಳು. ಐದನೇ ಇಯತ್ತೆಯ ತನಕ ಮಾತ್ರ ಸಾಲಿ ಇರುವ ತಾಂಡಾಕ್ಕೂ ಹೋದೆವು. ಅಲ್ಲಿಯ ಹೆಂಗಸರು ನಮ್ಮ ಮಕ್ಕಳನ್ನು ನಿಲ್ಲಿಸಿಕೊಂಡು ತಮ್ಮ ಪದವೊಂದನ್ನು ತಿರುಗಿ ಹೇಳಿದರು. ಅಜ್ಜಾರ ಬೆರಳು ಅವರ ಪಟ್ಟಿ ಹುಡುಕಿಕೊಂಡು ಹೋಯಿತು, ಅರ್ಧ ತಾಸು ನಾವು ಬಂದ ಕೆಲಸವೇ ಮರೆತುಹೋಗಿತ್ತು. ಮರುದಿನ ಆರನೇ ಇಯತ್ತೆಗೆ ಆ ತಾಂಡಾದ ಇಬ್ಬರು ಹುಡುಗಿಯರು ಬಂದು ಸೇರಿದರು.

99 ಆಯಿತು. ದಾಖಲಾತಿಗೆ ಇನ್ನೂ ಹನ್ನೆರಡು ದಿನ ಇವೆ. ಶನಿವಾರ ಬೆಳಿಗ್ಗೆ ಅಜ್ಜಾರು ಬರುತ್ತಾರೆ, ಅಷ್ಟರೊಳಗೆ ಪೇಟಿಯನ್ನು ಬಿಸಿಲಿಗೆ ಇಡಬೇಕು. ಮಳೆಯ ತೇವಕ್ಕೆ ಒಂದು ಮನೆ ಮತ್ತೆ ಕೂರುತ್ತಿದೆ.